ನೀರಿನ ಮೇಲೆ ಜಾರುವವನಿಗೆ ಎಂತಹ ದೋಣಿ ಬೇಕು?

ಮೈಸೂರಿನ ಸುತ್ತಮುತ್ತ ದೋಣಿಗಳು ಅಪರೂಪವಲ್ಲ. ತಲಕಾಡಿನ ಬಳಿ ಕಾವೇರಿಯಲ್ಲಿ ಹರಿಗೋಲು ತೇಲುತ್ತದೆ. ರಂಗನತಿಟ್ಟಿನಲ್ಲಿ ಹುಟ್ಟುಹಾಕುವ ದೋಣಿಗಳು ಪಕ್ಷಿಗಳ ನಡುವೆ ನಿಧಾನವಾಗಿ ಸಾಗುತ್ತವೆ. ವರುಣಾ ಕೆರೆಯಲ್ಲಿ ಮೋಟಾರು ದೋಣಿಗಳ ಜಲಕ್ರೀಡೆಯೂ ನಡೆದಿದೆ. ಕಾಲಿಗೆ ಹಲಗೆ ತೊಟ್ಟು, ಹಗ್ಗ ಹಿಡಿದು ನಿಂತವನನ್ನು ನೀರಿನ ಮೇಲೆ ಎಳೆದೊಯ್ಯಲು ಎಂತಹ ದೋಣಿ ಬೇಕು? ಬಲವಾದ ಎಂಜಿನ್ ಇದ್ದರೆ ಸಾಕೆಂದು ವಾಚಕರು ಹೇಳಬಹುದು. ಅದು ಅರ್ಧ ಉತ್ತರ ಮಾತ್ರ.

1922ರಲ್ಲಿ ಅಮೆರಿಕದ ಮಿನೆಸೋಟ ಸಂಸ್ಥಾನದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ ತರುಣನು ಈ ಆಟವನ್ನು ಸಾಧಿಸಿ ತೋರಿಸಿದನು. ಓರೆಯಾಗಿ ಸಾಗುವ ಹಲಗೆ ನೀರನ್ನು ಕೆಳಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೀರು ಹಲಗೆಯನ್ನು ಮೇಲಕ್ಕೆ ಒತ್ತುತ್ತದೆ. ವೇಗವು ಕುಂದಿದರೆ ಆ ಒತ್ತು ಸಾಲದೆ ಆಟಗಾರನು ಮುಳುಗುತ್ತಾನೆ. ಎರಡು ಹಲಗೆಗಳ ಮೇಲೆ ನಿಲ್ಲುವ ವಯಸ್ಕನಿಗೆ ಗಂಟೆಗೆ ಸುಮಾರು 30ರಿಂದ 40 ಕಿಲೊಮೀಟರು ವೇಗ ಬೇಕು.

ಸಾಮಾನ್ಯ ದೋಣಿ ಈ ವೇಗವನ್ನು ಮುಟ್ಟಲಾರದು. ಅದು ಸಾಗುವಾಗ ತಾನೇ ಎಬ್ಬಿಸಿದ ಅಲೆ ಅದರೊಡನೆ ಚಲಿಸುತ್ತದೆ. ವೇಗ ಹೆಚ್ಚಿದಂತೆ ಅಲೆಯ ಉದ್ದವೂ ಹೆಚ್ಚುತ್ತದೆ. ಆಳವಾದ ನೀರಿನಲ್ಲಿ 6 ಮೀಟರು ಉದ್ದದ ಅಲೆಯ ವೇಗವನ್ನು ಲೆಕ್ಕ ಹಾಕೋಣ: 9.8ನ್ನು 6ರಿಂದ ಗುಣಿಸಿ, 6.28ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 3 ಮೀಟರು, ಅಂದರೆ ಗಂಟೆಗೆ 11 ಕಿಲೊಮೀಟರು. 6 ಮೀಟರಿನ ದೋಣಿ ಈ ವೇಗವನ್ನು ಮೀರಹೊರಟರೆ ತನ್ನ ಅಲೆಯ ದಿಬ್ಬವನ್ನೇ ಹತ್ತಬೇಕಾಗುತ್ತದೆ. ಶಕ್ತಿಯೆಲ್ಲ ಅದಕ್ಕೇ ವ್ಯಯವಾಗುತ್ತದೆ. ಆದುದರಿಂದ ಎಳೆಯುವ ದೋಣಿಯ ತಳ, ಅದರಲ್ಲಿಯೂ ಹಿಂಭಾಗ, ಬಹುಮಟ್ಟಿಗೆ ಚಪ್ಪಟೆಯಾಗಿರಬೇಕು. ಆಗ ದೋಣಿಯೂ ಹಲಗೆಯಂತೆಯೇ ಮೇಲೆದ್ದು ಜಾರುತ್ತದೆ.

ಇನ್ನು ಎಂಜಿನ್ನಿನ ಸ್ಥಾನ. ಹಿಂಬದಿಗೆ ತಗುಲಿಸುವ ಮೋಟಾರು ಹಗುರ. ಅದನ್ನು ಮೇಲೆತ್ತಬಹುದಾದ್ದರಿಂದ ತೆಳುನೀರಿನ ದಡಕ್ಕೆ ಅನುಕೂಲ. ಎಂಜಿನ್ ನಡುವೆಯಿದ್ದರೆ ಭಾರವು ಸಮವಾಗಿ ಹಂಚಿ ಹಿಂದಿನ ಅಲೆ ತಗ್ಗಾಗಿರುತ್ತದೆ. ಸ್ಪರ್ಧೆಗಳಿಗೆ ಇದೇ ಮೇಲು. ಒಳಗಿನ ಎಂಜಿನ್ನನ್ನು ಹಿಂದಕ್ಕೆ ಸರಿಸಿದರೆ ಹಿಂಬದಿ ತಗ್ಗಿ ದೊಡ್ಡ ಅಲೆ ಏಳುತ್ತದೆ. ಒಂದೇ ಅಗಲ ಹಲಗೆಯ ಮೇಲೆ ನಿಂತು ಅಲೆಯಿಂದ ಹಾರುವವರು ಇದನ್ನೇ ಬಯಸುತ್ತಾರೆ.

ಹಗ್ಗವನ್ನು ಹಿಂಬದಿಯ ತುದಿಗೆ ಕಟ್ಟಿದರೆ, ಆಟಗಾರನು ಪಕ್ಕಕ್ಕೆ ಸರಿದಾಗಲೆಲ್ಲ ದೋಣಿಯ ಹಿಂಭಾಗವೂ ಅತ್ತ ಎಳೆಯಲ್ಪಡುತ್ತದೆ. ದೋಣಿಯ ನಡುವೆ ನೆಟ್ಟ ಕಂಬಕ್ಕೆ ಕಟ್ಟಿದರೆ ಸನ್ನೆಯ ತೋಳು ಕಿರಿದಾಗಿ ದಿಕ್ಕು ಕೆಡುವುದಿಲ್ಲ.

ಎಂತಹ ದೋಣಿಯಾದರೂ ಪ್ರೊಪೆಲರಿನ ಅಲಗುಗಳು ಪ್ರಾಣಾಪಾಯಕಾರಿ. ದೋಣಿಯ ಹಿಂದಕ್ಕೆ ಚಾಚಿರುವಲ್ಲಿ ಅಪಾಯವು ಇನ್ನೂ ಹೆಚ್ಚು. ಬಿದ್ದವನು ದೋಣಿಯ ಹತ್ತಿರ ಬರುವಾಗ ಎಂಜಿನ್ನನ್ನು ಪೂರ್ಣವಾಗಿ ನಿಲ್ಲಿಸಿರಬೇಕು. ನಡೆಸುವವನಲ್ಲದೆ, ಆಟಗಾರನನ್ನೇ ನೋಡುತ್ತಿರುವ ಇನ್ನೊಬ್ಬನು ದೋಣಿಯಲ್ಲಿರಬೇಕು. ಆಟಗಾರನು ತೇಲುವ ಅಂಗಿಯನ್ನು ತೊಟ್ಟಿರಬೇಕು. ನಮ್ಮ ಕೆರೆಗಳಲ್ಲಿ ಅಲೆಗಳು ಏರಿಯ ಕಲ್ಲುಗಳಿಗೆ ಬಡಿದು ಮರಳುವುದರಿಂದ, ಅವು ಅಡಗುವ ತನಕ ಎರಡನೆಯ ಸುತ್ತಿಗೆ ಹೊರಡದಿರುವುದೂ ಒಳ್ಳೆಯದು.