ಇಲಿಯ ಹಲ್ಲಿನಲ್ಲಿ ಕುಂಟೆಯ ಗುಟ್ಟು

ಐದು ಎಕರೆ ಹರಗಿ ಬಂದ ಕುಂಟೆಯ ಕುಡವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಎರಡು ಅಡಿ ಅಗಲದ ಕುಂಟೆ ಒಂದು ಎಕರೆ ಮುಗಿಸುವಷ್ಟರಲ್ಲಿ ಆ ಕುಡ ಆರೂವರೆ ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿರುತ್ತದೆ. ಐದು ಎಕರೆಗೆ ಹೆಚ್ಚುಕಡಿಮೆ ಹಾವೇರಿಯಿಂದ ರಾಣೇಬೆನ್ನೂರು ಮುಟ್ಟಿದ ಹಾಗೆ! ಅದೂ ನೆಲದೊಳಗೆ, ಮಣ್ಣನ್ನು ಸೀಳುತ್ತ. ಕುಲುಮೆಗೆ ಒಯ್ದು ಹಣಿಸಿದರೂ ಕಳೆದುಹೋದ ಕಬ್ಬಿಣ ಮರಳಿ ಬರುವುದಿಲ್ಲ, ಉಳಿದದ್ದೇ ತೆಳ್ಳಗೆ ಹರಡುತ್ತದೆ ಅಷ್ಟೆ. ಹೋದದ್ದೆಲ್ಲ ಅದೇ ಹೊಲದಲ್ಲಿ ಕಣ್ಣಿಗೆ ಕಾಣದ ಪುಡಿಯಾಗಿ ಬಿದ್ದಿದೆ.

ತಿಂದದ್ದು ಯಾರು? ಎರೆಮಣ್ಣಿನ ಜೇಡಿಯಂತೂ ಮೆತ್ತಗಿನದು. ಕಳ್ಳ ಇರುವುದು ಅದರೊಳಗೆ ಸೇರಿಕೊಂಡ ಮರಳಿನ ಕಣದಲ್ಲಿ. ಮಸಾರಿ ಹೊಲದಲ್ಲಿ ಈ ಕಣಗಳು ಇನ್ನೂ ಹೆಚ್ಚು, ಹಾಗಾಗಿ ಅಲ್ಲಿ ಸವೆತವೂ ಹೆಚ್ಚು. ಮರಳು ಎಂದರೆ ಬಹುಪಾಲು ಸ್ಫಟಿಕಶಿಲೆ. ಗಡಸುತನ ಅಳೆಯುವ ವಿಕರ್ಸ್ ಅಳತೆಯಲ್ಲಿ ಸಾದಾ ಕಬ್ಬಿಣ 150ರ ಆಸುಪಾಸು, ಈ ಮರಳಿನ ಕಣ ಸುಮಾರು 1,000! ಒಂದೊಂದು ಕಣವೂ ಕುಡದ ಮೈಮೇಲೆ ಗೀರು ಎಳೆದು, ಎಳೆ ಎಳೆಯಾಗಿ ಲೋಹವನ್ನು ಕೆತ್ತಿ ತೆಗೆಯುವ ಉಳಿ.

ಇದೇ ಲೆಕ್ಕವನ್ನು ತಿರುಗಿಸಿ ನೋಡಲು ಹಾವೇರಿಯ ಸಿದ್ಧೇಶ್ವರ ದೇವಸ್ಥಾನಕ್ಕಿಂತ ಒಳ್ಳೆಯ ಜಾಗ ಬೇಕೆ? ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲು. ಆ ಕಲ್ಲನ್ನು ಅಷ್ಟು ಮೆತ್ತಗೆ ಮಾಡುವ ಬಳಪದ ಖನಿಜಕ್ಕೆ 1812ರಲ್ಲಿ ಫ್ರೀಡ್ರಿಕ್ ಮೋಸ್ ರೂಪಿಸಿದ ಗಡಸುತನದ ಏಣಿಯಲ್ಲಿ ಮೊಟ್ಟಮೊದಲ, ಅತಿ ಕೆಳಗಿನ ಮೆಟ್ಟಿಲು. ವಜ್ರ ಹತ್ತನೆಯದು, ಸ್ಫಟಿಕಶಿಲೆ ಏಳನೆಯದು. ಕಲ್ಲು ಮೆತ್ತಗಿದ್ದದ್ದರಿಂದ ಉಳಿ ಬದುಕಿತು, ಕಂಬಗಳನ್ನು ತಿರುಗಿಸಿ ಕಡೆಯಲು ಸಾಧ್ಯವಾಯಿತು. ಮೋಸ್ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಅವರ ಕೈಗೆ ಆ ಏಣಿ ಗೊತ್ತಿತ್ತು!

ಹಾಗಾದರೆ ಕುಡವನ್ನು ಮರಳಿಗಿಂತ ಗಡಸು ಮಾಡಿಬಿಟ್ಟರಾಯಿತಲ್ಲ? ಇಲ್ಲಿದೆ ಪೇಚು. ಪೂರ್ತಿ ಗಡಸಾದ ಲೋಹ ಪೆಡಸೂ ಆಗಿರುತ್ತದೆ, ಹೊಲದಲ್ಲೊಂದು ಕಲ್ಲು ಸಿಕ್ಕರೆ ಲಟಕ್ಕನೆ ಮುರಿಯುತ್ತದೆ. ಟ್ರ್ಯಾಕ್ಟರಿನ ಹಿಂದೆ ತಿರುಗುವ ರೋಟವೇಟರ್ ಬ್ಲೇಡುಗಳಿಗೆ ಬೋರಾನ್ ಉಕ್ಕು ಬಳಸುವುದು ಈ ಎರಡರ ನಡುವಿನ ಹಾದಿ ಹುಡುಕಿ. ನೂರು ಕಿಲೋ ಉಕ್ಕಿಗೆ ಕೆಲವೇ ಗ್ರಾಂ ಬೋರಾನ್! ಅಷ್ಟರಿಂದಲೇ, ಕೆಂಪಗೆ ಕಾಯಿಸಿ ಅದ್ದಿದಾಗ ಬ್ಲೇಡು ಒಳಗಿನವರೆಗೂ ಗಡಸಾಗುತ್ತದೆ. ಆದರೂ ಅದು ಮುಟ್ಟುವುದು 500ರ ಹತ್ತಿರ. ಮರಳು ಇನ್ನೂ ಎರಡು ಪಟ್ಟು ಮೇಲೆಯೇ ಇದೆ.

ಉತ್ತರ ಸಿಗುವುದು ಇಲಿಯ ಬಾಯಲ್ಲಿ. ಹೌದು, ಕಾಳಿನ ಚೀಲ ಕಡಿಯುವ ಅದೇ ಇಲಿ! ಅದರ ಬಾಚಿಹಲ್ಲಿನ ಮುಂಭಾಗಕ್ಕೆ ಮಾತ್ರ ಗಟ್ಟಿ ಎನಾಮಲ್ ಪದರವಿದೆ. ಹಿಂಭಾಗದ್ದು ಮೆದು ದಂತದ್ರವ್ಯ. ಕಡಿದಂತೆಲ್ಲ ಹಿಂಬದಿ ಬೇಗ ಸವೆಯುತ್ತದೆ, ಮುಂಬದಿ ನಿಲ್ಲುತ್ತದೆ, ಹಲ್ಲಿನ ತುದಿ ಸದಾ ಉಳಿಯಂತೆ ಓರೆಯಾಗಿ ಹರಿತವಾಗಿರುತ್ತದೆ. ಸವೆತವೇ ಸಾಣೆ ಹಿಡಿಯುತ್ತದೆ! ಇನ್ನೂ ಒಂದಿದೆ: ಆ ಎನಾಮಲ್‌ಗೆ ಕಬ್ಬಿಣ ಬೆರೆತಿರುತ್ತದೆ, ಅದರಿಂದ ಅದು ಸಾಮಾನ್ಯ ಎನಾಮಲ್‌ಗಿಂತ ಗಡಸು. ನಾವು ಕಬ್ಬಿಣಕ್ಕೆ ಲೇಪ ಹುಡುಕುತ್ತಿದ್ದರೆ ಇಲಿ ಕಬ್ಬಿಣವನ್ನೇ ಹಲ್ಲಿನ ಲೇಪದಲ್ಲಿ ಸೇರಿಸಿಕೊಂಡಿದೆ. ಕುಂಟೆ ಎಳೆಯುವ ಎತ್ತಿನ ದವಡೆಯಲ್ಲೂ ಇದೇ ತಂತ್ರ. ಗಟ್ಟಿ ಮತ್ತು ಮೆದು ಪದರಗಳು ಬೇರೆ ಬೇರೆ ವೇಗದಲ್ಲಿ ಸವೆದು ಏಣುಗಳು ಉಳಿಯುತ್ತವೆ, ಮೇವು ಅರೆಯುವುದು ಆ ಏಣುಗಳೇ.

ಮನುಷ್ಯ ಇದನ್ನು ನೇಗಿಲಿಗೆ ತಂದದ್ದು 1803ರಲ್ಲಿ. ಇಂಗ್ಲೆಂಡಿನ ರಾಬರ್ಟ್ ರ್‍ಯಾನ್ಸಮ್ ಎರಕ ಹೊಯ್ಯುವಾಗ ಕುಳದ ಕೆಳಮೈಯನ್ನು ಬೇಗ ತಣಿಸಿದ. ಕೆಳಗೆ ಗಡಸು, ಮೇಲೆ ಮೆದು. ಉತ್ತಷ್ಟೂ ತನ್ನಿಂತಾನೇ ಹರಿತವಾಗುವ ಕುಳ ಹುಟ್ಟಿತು, ಅದಕ್ಕೆ ಪೇಟೆಂಟೂ ಸಿಕ್ಕಿತು.

ಇಂದು ಆ ವಿದ್ಯೆ ಒಂದು ವೆಲ್ಡಿಂಗ್ ರಾಡಿನಲ್ಲಿ ಅಡಗಿದೆ. ಕ್ರೋಮಿಯಂ ಮತ್ತು ಇಂಗಾಲ ತುಂಬಿದ ರಾಡಿನಿಂದ ಬ್ಲೇಡಿನ ಅಂಚಿಗೆ ಒಂದು ಪದರ ಎಳೆದರೆ, ಕರಗಿದ ಲೋಹ ತಣಿಯುವಾಗ ಅದರೊಳಗೆ ಕ್ರೋಮಿಯಂ ಕಾರ್ಬೈಡಿನ ಹರಳುಗಳು ಮೂಡುತ್ತವೆ. ಅವುಗಳ ಗಡಸುತನ 1,200ಕ್ಕೂ ಮೇಲೆ. ಅಂತೂ ಮರಳನ್ನು ದಾಟಿದೆವು! ಒಡಲು ಮಾತ್ರ ಪೆಟ್ಟು ತಿಂದು ಬಾಗಬಲ್ಲ ಉಕ್ಕಾಗಿಯೇ ಉಳಿಯುತ್ತದೆ. ಪದರ ತಣಿಯುತ್ತಿದ್ದಂತೆ ಅಡ್ಡಡ್ಡ ಕೂದಲೆಳೆಯ ಬಿರುಕುಗಳು ಕಾಣುತ್ತವೆ. ಕೆಲಸ ಕೆಟ್ಟಿತೆಂದು ಗಾಬರಿಯಾಗಬೇಡಿ, ಈ ಬಗೆಯ ಲೇಪದಲ್ಲಿ ಅವು ಬರಬೇಕಾದ್ದೇ. ಕುಗ್ಗುವ ಲೋಹದ ಬಿಗಿತ ಅಲ್ಲಿಂದ ಹೊರಹೋಗುತ್ತದೆ. ಬಿರುಕು ಅಂಚಿನುದ್ದಕ್ಕೂ ಹರಿದರೆ, ಇಲ್ಲವೇ ಒಡಲಿಗೆ ಇಳಿದರೆ ಮಾತ್ರ ಅಪಾಯ. ಲೇಪ ಒಂದೇ ಮಗ್ಗುಲಿಗಿರಲಿ. ಎರಡೂ ಕಡೆ ಎಳೆದರೆ ಇಲಿ ಕಲಿಸಿದ ಪಾಠವನ್ನು ಬಿಟ್ಟುಕೊಟ್ಟಂತೆ, ಅಂಚು ಮೊಂಡಾಗುತ್ತದೆ.

ಬ್ಯಾಡಗಿಗೆ ಬಂದರೆ ಲೆಕ್ಕ ಪೂರಾ ಬದಲಾಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿಯ ಹೆಸರು ನಿಂತಿರುವುದು ಅದರ ಬಣ್ಣದ ಮೇಲೆ. ಅದನ್ನು ಕುಟ್ಟುವ ಹಾರೆ, ಪುಡಿ ಮಾಡುವ ಸುತ್ತಿಗೆಗಳೂ ಸವೆಯುತ್ತವೆ. ಇಲ್ಲಿ ಸವೆದ ಲೋಹ ಹೊಲಕ್ಕಲ್ಲ, ಖಾರಪುಡಿಗೆ ಬೀಳುತ್ತದೆ. ಮಿಲ್ಲುಗಳಲ್ಲಿ ಆಯಸ್ಕಾಂತ ಇಡುವುದು ಅದಕ್ಕೇ. ಬಿರುಕು ಬಿಟ್ಟು ಚಕ್ಕೆ ಏಳಬಹುದಾದ ವೆಲ್ಡಿಂಗ್ ಲೇಪಕ್ಕೆ ಇಲ್ಲಿ ಜಾಗವಿಲ್ಲ. ನುಣುಪಾಗಿ ಗಡಸು ಮಾಡಿದ ಉಕ್ಕೇ ಬೇಕು. ಆದರೆ ಮೆಣಸಿನಕಾಯಿಯ ಸಿಪ್ಪೆಗೆ ಉಕ್ಕನ್ನು ಗೀರುವ ಶಕ್ತಿ ಎಲ್ಲಿಂದ ಬರಬೇಕು? ಗೀರುವುದು ಮತ್ತೆ ಅದೇ ಮರಳು, ನೆಲದ ಮೇಲೆ ಒಣಗಿಸುವಾಗ ಕಾಯಿಗೆ ಅಂಟಿ ಬಂದ ಧೂಳು! ಮಿಲ್ಲಿನ ಹಾರೆಯ ಆಯುಷ್ಯ ಹೆಚ್ಚಿಸುವ ಅತಿ ಅಗ್ಗದ ಹೊದಿಕೆ ಹಾರೆಯ ಮೇಲೆ ಇರಬೇಕಾದ್ದಲ್ಲ. ಅದು ಕಣದ ಮೇಲೆ, ಮೆಣಸಿನಕಾಯಿಯ ಕೆಳಗೆ ಹಾಸುವ ತಾಡಪಾಲು.