ತೋಟಕ್ಕೆ ಎಂಥ ಕೋವಿ ಬೇಕು? ದೂರಕ್ಕೆ ಹೊಡೆಯುವ ರೈಫಲು ಮತ್ತು ನಮ್ಮ ಅಗತ್ಯ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಾಡಂಚಿನ ಬೆಳೆಗಾರರು ಮಾತ್ರವಲ್ಲ, ಕಾಡಿನಿಂದ ದೂರವಿರುವ ಕೃಷ್ಣರಾಜನಗರದ ನಾಲಾ ಬಯಲಿನ ಸದಸ್ಯರೂ ಈಗ ಕಾಡುಹಂದಿಯ ಕಾಟ ಹೇಳಿಕೊಂಡು ಸಂಘಕ್ಕೆ ಬರುತ್ತಿದ್ದಾರೆ. ಹೊಸದಾಗಿ ಇಟ್ಟ ಅಡಿಕೆ ಸಸಿ ಬುಡಮೇಲಾಗುತ್ತದೆ, ಶುಂಠಿ ಮಡಿ ಒಂದೇ ರಾತ್ರಿಗೆ ಉತ್ತಂತಾಗುತ್ತದೆ, ಗೊಬ್ಬರ ಹಾಕಿದ ಕಾಫಿ ಗಿಡದ ಬುಡವನ್ನು ಎರೆಹುಳುವಿಗಾಗಿ ಕೆದಕಿ ಬೇರು ಹರಿಯುತ್ತವೆ. ಮಾತಿನ ಕೊನೆಗೆ ಹಲವರು ಕೇಳುವ ಪ್ರಶ್ನೆ ಒಂದೇ: ಹಗುರವಾದ, ದೂರಕ್ಕೆ ಗುರಿ ಹಿಡಿಯುವ ಒಳ್ಳೆಯ ರೈಫಲು ಯಾವುದು? ಈ ಪ್ರಶ್ನೆಗೆ ಯಂತ್ರದ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಉತ್ತರ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆದಿದ್ದೇವೆ. ರೈಫಲಿಗಾಗಿ ಹಣ ಹೊಂದಿಸುತ್ತಿರುವ ಸದಸ್ಯರು ದಯವಿಟ್ಟು ಇದನ್ನು ಪೂರ್ತಿ ಓದಬೇಕು.

ರೈಫಲಿಗೂ ಕೋವಿಗೂ ವ್ಯತ್ಯಾಸ

ರೂಢಿಯಲ್ಲಿ ನಾವು ಎಲ್ಲವನ್ನೂ ಕೋವಿ ಎನ್ನುತ್ತೇವೆ. ನಮ್ಮ ಹಳೆಯ ಮನೆಗಳಲ್ಲಿರುವ ಒಂಟಿನಳಿಗೆ, ಜೋಡಿನಳಿಗೆ ತೋಟಾ ಕೋವಿಗಳ ನಳಿಗೆಯ ಒಳಮೈ ನುಣುಪು. ಒಂದು ತೋಟಾದೊಳಗೆ ಅನೇಕ ಸೀಸದ ಚರೆಗಳಿದ್ದು, ಈಡು ಹಾರಿದ ಮೇಲೆ ಹರಡಿಕೊಂಡು ಹೋಗುತ್ತವೆ. 12 ಬೋರ್ ಎಂಬ ಹೆಸರು ಬಂದದ್ದು ಹೀಗೆ: ಆ ನಳಿಗೆಗೆ ಸರಿಹೊಂದುವ 12 ಸೀಸದ ಗುಂಡುಗಳು ಸೇರಿದರೆ ಒಂದು ಪೌಂಡು ತೂಗುತ್ತವೆ.

ರೈಫಲಿನ ನಳಿಗೆಯೊಳಗೆ ತಿರುಪಿನಂತೆ ಸುತ್ತಿ ಹೋಗುವ ಗೀರುಗಳಿವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಡುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಓಲಾಡದೆ ದೂರ ಹೋಗುತ್ತದೆ. ಬೋಲ್ಟ್ ಎಂದರೆ ಬಾಗಿಲ ಅಗುಳಿಯಂಥ ಭಾಗ. ಅದನ್ನು ಕೈಯಿಂದ ಎತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಬೀಳುತ್ತದೆ. ಮುಂದಕ್ಕೆ ನೂಕಿ ಕೆಳಗಿಳಿಸಿದರೆ ಹೊಸದು ಒಳಸೇರಿ ಬೀಗ ಬೀಳುತ್ತದೆ. ರಚನೆ ಸರಳ, ಬಿಗಿ ಹೆಚ್ಚು. ಆದ್ದರಿಂದಲೇ ನಿಖರವಾದ ಗುರಿಗೆ ಈ ಮಾದರಿ ಹೆಸರಾಗಿದೆ. ನಮ್ಮ ದೇಶದಲ್ಲಿ ಇಛಾಪುರದ ಕಾರ್ಖಾನೆಯ .315 ಬೋರಿನ ರೈಫಲು ಇದೇ ಜಾತಿಯದು. ಆ ಕಾರ್ಖಾನೆ 2021ರ ಅಕ್ಟೋಬರಿನಿಂದ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಕೆಳಗಿದೆ.

ಹಗುರ ಎಂಬ ಗುಣದ ಬೆಲೆ

ಹಗುರವಾದ, ದೂರದ ರೈಫಲು ಹುಟ್ಟಿದ್ದು ಪರ್ವತ ಪ್ರದೇಶದ ಬೇಟೆಗಾರನಿಗಾಗಿ. ಆತ ದಿನಗಟ್ಟಲೆ ಕಡಿದಾದ ಬೆಟ್ಟ ಹತ್ತಬೇಕು. ಮರವಿಲ್ಲದ ಕಣಿವೆಯ ಆಚೆ ಬದಿಯ ಪ್ರಾಣಿಗೆ ಈಚೆಯಿಂದ ಗುರಿ ಹಿಡಿಯಬೇಕು. ಹೆಗಲ ಮೇಲೆ ಅರ್ಧ ಕಿಲೋ ಕಡಿಮೆಯಾದರೂ ಆತನಿಗೆ ಲಾಭ.

ಆ ಲಾಭ ಪುಕ್ಕಟೆ ಬರುವುದಿಲ್ಲ. ಒಂದೇ ತೋಟಾವನ್ನು 3.6 ಕಿಲೋ ತೂಕದ ರೈಫಲಿನಲ್ಲೂ 2.7 ಕಿಲೋ ತೂಕದ ರೈಫಲಿನಲ್ಲೂ ಹಾರಿಸಿದರೆ, ಹಗುರವಾದದ್ದು ಭುಜಕ್ಕೆ ಒದೆಯುವ ಶಕ್ತಿ ಮೂರನೇ ಒಂದು ಪಾಲು ಹೆಚ್ಚು. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚುತ್ತಾನೆ, ಗುರಿ ತಪ್ಪುತ್ತದೆ. ತೆಳು ನಳಿಗೆ ನಾಲ್ಕಾರು ಈಡಿಗೆ ಕಾದು ಗುರಿ ಸರಿಯುವುದೂ ಉಂಟು. ಇದಲ್ಲದೆ, ದೂರ ಹೋದಂತೆ ಗುಂಡು ಕೆಳಗಿಳಿಯುತ್ತದೆ. .30-06 ರೈಫಲಿಗೆ 200 ಮೀಟರಿಗೆ ಗುರಿ ಹೊಂದಿಸಿದ್ದರೆ, 300 ಮೀಟರಿನಲ್ಲಿ ಗುಂಡು ಸುಮಾರು ಒಂದು ಗೇಣು, 400 ಮೀಟರಿನಲ್ಲಿ ಮೂರು ಗೇಣಿಗೂ ಮಿಕ್ಕಿ ಕೆಳಗೆ ಬೀಳುತ್ತದೆ. ದೂರವನ್ನು ಕಣ್ಣಂದಾಜಿನಲ್ಲಿ ತಪ್ಪಾಗಿ ಎಣಿಸಿದರೆ ಪ್ರಾಣಿ ಸಾಯದೆ ಗಾಯಗೊಂಡು ಓಡುತ್ತದೆ. ಗಾಯಗೊಂಡ ಹಂದಿ ಮಾರನೆಯ ಬೆಳಿಗ್ಗೆ ಕಾಫಿ ಕೊಯ್ಯಲು ಬರುವ ಹೆಂಗಸರ ಮೇಲೆ ನುಗ್ಗಿದರೆ ಹೊಣೆ ಯಾರದು?

ನಮ್ಮ ನೆಲಕ್ಕೆ ಹೊಂದುತ್ತದೆಯೆ?

ಸಿಲ್ವರ್ ಓಕು, ಮೆಣಸಿನ ಬಳ್ಳಿ, ಅಡಿಕೆ ಸಾಲುಗಳ ನಡುವೆ ನಮಗೆ ಕಾಣುವುದೇ ಮೂವತ್ತು ನಲವತ್ತು ಮೀಟರು, ಅದೂ ಹಗಲಿನಲ್ಲಿ. ಅಲ್ಲಿ 300 ಮೀಟರಿನ ಗುರಿಗೆ ಅರ್ಥವೇ ಇಲ್ಲ. ಆದರೆ ಗುಂಡಿಗೆ ನಮ್ಮ ಕಣ್ಣಿನ ಮಿತಿ ತಿಳಿಯದು. ದೊಡ್ಡ ರೈಫಲಿನ ಗುಂಡು ತಡೆಯಿಲ್ಲದೆ ಮೇಲ್ಮುಖವಾಗಿ ಹೋದರೆ ನಾಲ್ಕು ಕಿಲೋಮೀಟರನ್ನೂ ದಾಟಬಲ್ಲದು. ಕೃಷ್ಣರಾಜನಗರದ ಗದ್ದೆ ಬಯಲಿನಲ್ಲಿ ಅಷ್ಟು ದೂರದೊಳಗೆ ಎರಡು ಮೂರು ಊರುಗಳೇ ಸಿಗುತ್ತವೆ. ಬಂಡೆಗೋ ಒದ್ದೆ ನೆಲಕ್ಕೋ ತಗುಲಿ ದಿಕ್ಕು ಬದಲಿಸಿದ ಗುಂಡು ಎಲ್ಲಿಗೆ ಹೋಯಿತೆಂದು ಹೇಳುವವರಿಲ್ಲ. ಚರೆಯ ತೋಟಾ ಕೆಲಸಕ್ಕೆ ಬರುವುದು 35-40 ಮೀಟರಿನವರೆಗೆ ಮಾತ್ರ. ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನೊಳಗೆ ನೆಲ ಸೇರುತ್ತದೆ. ದಪ್ಪ ಚರೆ ಮಾತ್ರ ಆರುನೂರು ಮೀಟರಿನವರೆಗೂ ಹೋಗಬಲ್ಲದೆಂಬುದನ್ನು ಮರೆಯಬಾರದು.

ಇನ್ನೊಂದು ಮಾತು. ನಮ್ಮ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ವಿದ್ಯುತ್ತು ಎಷ್ಟೋ ದಿನ ಬರುವುದೇ ಸರಿರಾತ್ರಿಯಲ್ಲಿ. ರಾತ್ರಿ ಎರಡು ಗಂಟೆಗೆ ತೋಟದಲ್ಲಿ ತರಗೆಲೆ ಸದ್ದಾದರೆ ಅದು ಹಂದಿಯೇ ಆಗಿರಬೇಕೆಂದಿಲ್ಲ, ಮೋಟಾರು ಹಾಕಲು ಬಂದ ಪಕ್ಕದ ಜಮೀನಿನವನಿರಬಹುದು. ಮರಸು ಕೂತವನು ಪೊದೆ ಅಲುಗಿತೆಂದು ಈಡು ಹಾರಿಸಿ ಮನುಷ್ಯನ ಪ್ರಾಣ ಹೋದ ಸುದ್ದಿಗಳು ಮಲೆನಾಡಿನಿಂದ ಆಗಾಗ್ಗೆ ಬರುತ್ತಲೇ ಇವೆ. ಹೋದ ಅಡಿಕೆ ಸಸಿಯನ್ನು ಮತ್ತೆ ನೆಡಬಹುದು, ಹೋದ ಮನುಷ್ಯನನ್ನು ತರಲಾಗದು.

ಕಾನೂನು ಏನು ಹೇಳುತ್ತದೆ

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1991ರ ತಿದ್ದುಪಡಿಯಾದ ಮೇಲೆ ಷಿಕಾರಿ ಲೈಸೆನ್ಸ್ ಎಂಬುದೇ ಉಳಿದಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯವಾದಾಗ 11ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಬರವಣಿಗೆಯಲ್ಲಿ ಅನುಮತಿ ಕೊಡಬಹುದು. ಅನುಮತಿಯಿಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅನುಮತಿ ಪಡೆದು ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತು, ಅದರ ಮಾಂಸ ನಮ್ಮದಲ್ಲ. ಆನೆ, ನವಿಲು ಮೊದಲನೇ ಅನುಸೂಚಿಯವು. ಅವುಗಳ ತಂಟೆಗೆ ಕೋವಿ ಹಿಡಿದು ಹೋಗಲೇಬಾರದು. ಚರೆ ತಗುಲಿದ ಆನೆ ಗಾಯ ಕೀತು ರೇಗಿದರೆ ಇಡೀ ಊರಿಗೆ ಗಂಡಾಂತರ.

ಆಯುಧಕ್ಕೆ ಬೇರೆಯೇ ಕಾಯಿದೆ, 1959ರದು. ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಕೋವಿಯನ್ನು ರಕ್ಷಣೆಗೆ, ಬಾಯಿಮದ್ದಿನ ಕೋವಿಯನ್ನು ಬೆಳೆ ರಕ್ಷಣೆಗೆ ಎಂದು ಅದರ 13ನೇ ಕಲಮು ಹೆಸರಿಸಿಯೇ ಹೇಳುತ್ತದೆ. ರೈಫಲಿಗೆ ಆ ಸೌಲಭ್ಯವಿಲ್ಲ. ಏಕೆ ಬೇಕೆಂದು ಅಧಿಕಾರಿಗೆ ಬೇರೆ ಕಾರಣ ತೋರಿಸಬೇಕು. .303ರಂಥ ಸೇನೆಯ ಬೋರುಗಳು ಸಾರ್ವಜನಿಕರಿಗೆ ನಿಷಿದ್ಧ. 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡೇ ಆಯುಧ, ಲೈಸೆನ್ಸಿನ ಅವಧಿ ಐದು ವರ್ಷ.

ಗಡಿಯಾಚೆಯ ರೂಢಿ ನೋಡಿ ಮೋಸಹೋಗಬಾರದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಪಿರಿಯಾಪಟ್ಟಣದ ಈ ಬದಿಯ ತೋಟದವರಿಗೆ ಅದು ಅನ್ವಯಿಸದು. ಕೊಡಗಿನಲ್ಲೂ ಅದು ಲೈಸೆನ್ಸಿಗೆ ಸಿಕ್ಕ ವಿನಾಯಿತಿಯೇ ಹೊರತು ಬೇಟೆಗಲ್ಲ. ಹಾಗೆಯೇ ಕೇರಳ ಸರ್ಕಾರ 2022ರಲ್ಲಿ ಕಾಡುಹಂದಿ ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಬಾವಲಿ ಗಡಿಯ ಈಚೆಗೆ ಆ ಆದೇಶ ನಡೆಯದು.

ಕೋವಿ ಕೊಳ್ಳುವವರು ಗಮನಿಸಬೇಕಾದವು

ಇಷ್ಟಾಗಿಯೂ ಒಂಟಿ ತೋಟದ ಮನೆಯಲ್ಲಿ ರಕ್ಷಣೆಗೊಂದು ಕೋವಿ ಬೇಕೆನ್ನುವವರಿಗೆ ಮೂರು ಕಿಲೋ ಆಸುಪಾಸಿನ 12 ಬೋರಿನ ಕೋವಿ ಸಾಕೆಂಬುದು ನಮ್ಮ ಅಭಿಪ್ರಾಯ.

1. ಹಳೆಯ ಕೋವಿಯಾದರೆ ನಳಿಗೆಯನ್ನು ಬೆಳಕಿಗೆ ಹಿಡಿದು ತುಕ್ಕಿನ ಗುಳಿ, ತಗ್ಗು ಇವೆಯೇ ನೋಡಿ. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ, ಮೈಮೇಲೆ ಅಲೆಯಲೆ ಗೆರೆಯಿರುವ ಹಳೆಯ ನಳಿಗೆಗೆ ಇಂದಿನ ತೋಟಾ ಹಾಕಲೇಬಾರದು, ಸಿಡಿಯುತ್ತದೆ.

2. ಎರಡೂವರೆ ಇಂಚಿನ ತೋಟಾಕ್ಕೆಂದು ಮಾಡಿದ ಹಳೆಯ ಕೋವಿಗೆ ಎರಡು ಮುಕ್ಕಾಲು ಇಂಚಿನದನ್ನು ಬಳಸಬಾರದು. ಒಳಗೆ ಹಿಡಿಸಿತೆಂಬುದು ಸರಿಹೊಂದಿತೆಂಬುದಕ್ಕೆ ಸಾಕ್ಷಿಯಲ್ಲ.

3. 12 ಮತ್ತು 20 ಬೋರಿನ ತೋಟಾಗಳನ್ನು ಒಂದೇ ಚೀಲದಲ್ಲಿ ಇಡಬೇಡಿ. 20 ಬೋರಿನದು 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಂಡು, ಹಿಂದಿನಿಂದ ಇನ್ನೊಂದು ಹಾಕಿದರೆ ನಳಿಗೆಯೇ ಹಾರಿಹೋಗುತ್ತದೆ.

4. ಕೋವಿ, ತೋಟಾ ಎರಡನ್ನೂ ಬೇರೆ ಬೇರೆ ಬೀಗದಲ್ಲಿಡಿ. ಮಳೆಗಾಲದಲ್ಲಿ ಎಣ್ಣೆ ಸವರಿ ಇಡಿ. ಚರ್ಮದ ಚೀಲ ತೇವ ಹೀರಿ ತುಕ್ಕು ತರುತ್ತದೆ.

5. ಲೈಸೆನ್ಸುದಾರರು ತೀರಿಕೊಂಡರೆ ಅವರ ಲೈಸೆನ್ಸಿನ ಮೇಲೆ ಮಕ್ಕಳು ಕೋವಿ ಇಟ್ಟುಕೊಳ್ಳುವಂತಿಲ್ಲ. ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯಲ್ಲೋ ಠೇವಣಿ ಇಟ್ಟು, ಬೇಕಿದ್ದರೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು.

ಬೆಳೆ ಉಳಿಸುವುದು ಬೇಲಿ

ಮರಸು ಕೂತು ಒಂದು ಹಂದಿ ಹೊಡೆದರೆ ಹಿಂಡಿನ ಉಳಿದವು ಪಕ್ಕದ ತೋಟಕ್ಕೆ ಹೋಗುತ್ತವೆ, ವಾರ ಕಳೆದು ಮರಳುತ್ತವೆ. ರೈಫಲು, ದುರ್ಬೀನು, ತೋಟಾ ಇವಕ್ಕೆ ತಗುಲುವ ಹಣವನ್ನು ನಾಲ್ಕಾರು ಅಕ್ಕಪಕ್ಕದವರು ಒಟ್ಟುಗೂಡಿಸಿದರೆ ಸೋಲಾರ್ ಬೇಲಿಗೆ ಒಳ್ಳೆಯ ಆರಂಭವಾಗುತ್ತದೆ. ಹಂದಿಗಾಗಿ ಕೆಳತಂತಿ ನೆಲದಿಂದ ಗೇಣಿಗಿಂತ ಮೇಲಿರಬಾರದು, ಅದರಡಿಯ ಹುಲ್ಲು ಸವರುತ್ತಿರಬೇಕು. ಹುಲ್ಲು ತಾಗಿದರೆ ವಿದ್ಯುತ್ತು ನೆಲಕ್ಕಿಳಿದು ಬೇಲಿ ಸತ್ತಂತೆಯೇ. ಕಂಬದಿಂದ ನೇರವಾಗಿ ತಂತಿಗೆ ವಿದ್ಯುತ್ತು ಕೊಡುವುದು ಮಾತ್ರ ಕೊಲೆಗೆ ಸಮಾನ. ಅದಕ್ಕೆ ಆನೆಯೂ ಒಂದೇ, ದನ ಮೇಯಿಸುವ ಹುಡುಗನೂ ಒಂದೇ. ಆನೆಗೆ ಕಂದಕ, ಮತ್ತು ವೀರನಹೊಸಹಳ್ಳಿ ಕಡೆ ಹಾಕಿರುವಂಥ ರೈಲು ಕಂಬಿಯ ತಡೆಗೋಡೆ ಬೇಕು. ಅದು ಒಬ್ಬೊಬ್ಬರಿಂದ ಆಗದು, ಊರು ಒಟ್ಟಾಗಿ ಅರಣ್ಯ ಇಲಾಖೆಯನ್ನು ಒತ್ತಾಯಿಸಬೇಕು. ಆನೆ ಕಂಡರೆ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಬೆಳೆ ನಷ್ಟವಾದ ದಿನವೇ ಫೋಟೋ ತೆಗೆದು, ಪಹಣಿ, ಬ್ಯಾಂಕ್ ಪುಸ್ತಕದ ನಕಲಿನೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿ. ತಡವಾದಷ್ಟೂ ಹಂದಿಯ ಹೆಜ್ಜೆ ಅಳಿಯುತ್ತದೆ, ಸ್ಥಳ ತನಿಖೆಗೆ ಬಂದವರಿಗೆ ತೋರಿಸಲು ಏನೂ ಉಳಿಯದು. ಅರ್ಜಿ ಬರೆಯಲು ತಿಳಿಯದವರು ಕಚೇರಿ ವೇಳೆಯಲ್ಲಿ ಸಂಘಕ್ಕೆ ಬಂದರೆ ಬರೆದುಕೊಡುತ್ತೇವೆ. ಅಕ್ಕಪಕ್ಕದ ತೋಟದವರು ಸೇರಿ ಬೇಲಿ ಹಾಕುವುದಾದರೆ ಅವರ ಹೆಸರು, ಸರ್ವೆ ನಂಬರು, ಬೇಲಿಯ ಅಂದಾಜು ಉದ್ದ ಇವನ್ನು ಬರೆದು ತನ್ನಿ. ಮುಂದಿನ ಆಡಳಿತ ಮಂಡಳಿ ಸಭೆಯ ಮುಂದೆ ಇಡುತ್ತೇವೆ.