ಹೆಚ್ಚು ಸಾಮರ್ಥ್ಯದ ಸೆಡಾನ್ ಕಾರುಗಳಿಗೆ ಟೈರುಗಳ ಆಯ್ಕೆ: ಪ್ರಯಾಣದ ಹಿತ ಹಾಗೂ ಶಬ್ದದ ಕುರಿತು ಮಾಹಿತಿ

ಪ್ರಬಲ ಎಂಜಿನ್ ಹೊಂದಿರುವ ಸೆಡಾನ್ ಕಾರುಗಳಿಗೆ ತಯಾರಕರು ಸಾಮಾನ್ಯವಾಗಿ ಅಗಲವಾದ ಹಾಗೂ ಎತ್ತರ ಕಡಿಮೆ ಇರುವ ಟೈರುಗಳನ್ನು ಅಳವಡಿಸಿರುತ್ತಾರೆ. ತಿರುವುಗಳಲ್ಲಿ ಕಾರು ಸ್ಥಿರವಾಗಿ ನಿಲ್ಲುವುದಕ್ಕೆ ಹಾಗೂ ಬ್ರೇಕಿನ ಹಿಡಿತಕ್ಕೆ ಇವು ಅನುಕೂಲಕರ. ಆದರೆ ಇಂತಹ ಕಾರುಗಳ ಮಾಲೀಕರು ಪದೇ ಪದೇ ಹೇಳುವ ದೂರುಗಳು ಎರಡು: ರಸ್ತೆಯ ಸಣ್ಣ ಗುಂಡಿಯೂ ಸೊಂಟಕ್ಕೆ ತಟ್ಟುತ್ತದೆ, ಹೆದ್ದಾರಿಯ ವೇಗದಲ್ಲಿ ಹಿಂದಿನ ಆಸನದವರ ಮಾತು ಮುಂದಿನವರಿಗೆ ಕೇಳಿಸುವುದಿಲ್ಲ. ಮೊದಲ ಜೊತೆ ಟೈರುಗಳು ಸವೆದು ಹೊಸದನ್ನು ಕೊಳ್ಳುವ ಸಮಯವೇ ಈ ದೂರುಗಳನ್ನು ಸರಿಪಡಿಸಿಕೊಳ್ಳಲು ಸೂಕ್ತ ಸಂದರ್ಭ. ಆದರೆ ಅಂಗಡಿಯಲ್ಲಿ ಚರ್ಚೆಯು ಬಹುತೇಕ ಕಂಪನಿಯ ಹೆಸರು ಹಾಗೂ ಬೆಲೆಗೆ ಸೀಮಿತವಾಗುತ್ತದೆ. ವಾಸ್ತವದಲ್ಲಿ ಪ್ರಯಾಣದ ಹಿತವನ್ನು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಟೈರಿನ ಅಳತೆ ಮತ್ತು ಅದರಲ್ಲಿರುವ ಗಾಳಿಯ ಒತ್ತಡ ನಿರ್ಧರಿಸುತ್ತವೆ. ಈ ಬಗ್ಗೆ ಸಾರ್ವಜನಿಕರ ತಿಳುವಳಿಕೆಗಾಗಿ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ. ಯಾವುದೇ ಕಂಪನಿಯ ಉತ್ಪನ್ನವನ್ನು ಶಿಫಾರಸು ಮಾಡುವುದು ಇದರ ಉದ್ದೇಶವಲ್ಲ.

ಟೈರಿನ ಮೇಲಿನ ಬರಹ

ಉದಾಹರಣೆಗೆ, ಟೈರಿನ ಪಕ್ಕದಲ್ಲಿ 225/45 ಆರ್17 91ಡಬ್ಲ್ಯೂ ಎಂದು ಅಚ್ಚಾಗಿದೆಯೆಂದು ಭಾವಿಸೋಣ. ಇದರಲ್ಲಿ 225 ಎಂಬುದು ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 45 ಎಂಬುದನ್ನು ಅನೇಕರು ಎತ್ತರವೆಂದು ತಿಳಿಯುತ್ತಾರೆ. ಅದು ಅಗಲದ ಶೇಕಡಾವಾರು ಪ್ರಮಾಣ. ಅಂದರೆ 225ರ ಶೇ. 45, ಸುಮಾರು 101 ಮಿ.ಮೀ., ಈ ಟೈರಿನ ಸೈಡ್‌ವಾಲ್ ಎಂದು ಕರೆಯಲಾಗುವ ಪಾರ್ಶ್ವಭಾಗದ ಎತ್ತರ. ಆರ್ ಎಂಬ ಅಕ್ಷರ ರೇಡಿಯಲ್ ರಚನೆಯನ್ನೂ 17 ಎಂಬುದು ರಿಮ್ಮಿನ ವ್ಯಾಸವನ್ನು ಇಂಚುಗಳಲ್ಲಿಯೂ ಸೂಚಿಸುತ್ತವೆ. 91 ಎಂಬುದು ಭಾರ ಸೂಚ್ಯಂಕ. ಅದರಂತೆ ಒಂದು ಟೈರು ಹೊರಬಹುದಾದ ಗರಿಷ್ಠ ಭಾರ 615 ಕೆ.ಜಿ. ಕೊನೆಯ ಅಕ್ಷರವು ವೇಗದ ಮಿತಿ: ಎಚ್ ಇದ್ದಲ್ಲಿ ಗಂಟೆಗೆ 210 ಕಿ.ಮೀ., ವಿ ಇದ್ದಲ್ಲಿ 240 ಕಿ.ಮೀ., ಡಬ್ಲ್ಯೂ ಇದ್ದಲ್ಲಿ 270 ಕಿ.ಮೀ.

ಹಿತವು ಪಾರ್ಶ್ವಭಾಗದ ಎತ್ತರವನ್ನು ಅವಲಂಬಿಸಿದೆ

ಚಕ್ರವು ಗುಂಡಿಗೆ ಬಿದ್ದಾಗ ಆಘಾತವನ್ನು ಮೊದಲು ತಾಳಿಕೊಳ್ಳುವುದು ಟೈರಿನ ಒಳಗಿರುವ ಗಾಳಿ ಹಾಗೂ ಬಾಗುವ ಪಾರ್ಶ್ವಭಾಗ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್‌ಗಳ ಕೆಲಸ ಅನಂತರದ್ದು. ಪಾರ್ಶ್ವಭಾಗ ಗಿಡ್ಡವಾದಷ್ಟೂ ಬಾಗಲು ಅವಕಾಶ ಕಡಿಮೆಯಾಗುತ್ತದೆ. ಮಧ್ಯಮ ಗಾತ್ರದ ಸೆಡಾನ್‌ಗಳಲ್ಲಿ ಬಳಕೆಯಲ್ಲಿರುವ ಮೂರು ಅಳತೆಗಳನ್ನು ಹೋಲಿಸಿದಲ್ಲಿ ಇದು ಸ್ಪಷ್ಟವಾಗುತ್ತದೆ. 205/55 ಆರ್16 ಟೈರಿನ ಪೂರ್ಣ ವ್ಯಾಸ ಸುಮಾರು 632 ಮಿ.ಮೀ., 225/45 ಆರ್17ರದು 634 ಮಿ.ಮೀ., 225/40 ಆರ್18ರದು 637 ಮಿ.ಮೀ. ಹೊರಗಿನಿಂದ ಮೂರೂ ಬಹುತೇಕ ಒಂದೇ. ಸ್ಪೀಡೋಮೀಟರ್ ಓದಿನಲ್ಲಿಯೂ ಗಣನೀಯ ವ್ಯತ್ಯಾಸ ಬಾರದು. ಆದರೆ ಪಾರ್ಶ್ವಭಾಗದ ಎತ್ತರ ಕ್ರಮವಾಗಿ 113, 101 ಮತ್ತು 90 ಮಿ.ಮೀ. ಅಂದರೆ 16 ಇಂಚಿನಿಂದ 18 ಇಂಚಿನ ರಿಮ್ಮಿಗೆ ಹೋದ ಮಾಲೀಕರು ಕಾರಿನ ನೋಟಕ್ಕಾಗಿ ಈ ಎತ್ತರದ ಐದನೆಯ ಒಂದು ಭಾಗವನ್ನು ಬಿಟ್ಟುಕೊಟ್ಟಂತಾಗುತ್ತದೆ. ಬಿಟ್ಟುಕೊಡುವುದು ಹಿತವನ್ನಷ್ಟೇ ಅಲ್ಲ. ಗಿಡ್ಡ ಟೈರು ಗುಂಡಿಯ ಅಂಚಿಗೆ ಬಡಿದಾಗ ರಿಮ್ಮು ಮತ್ತು ರಸ್ತೆಯ ನಡುವೆ ಸಿಲುಕಿ ಒಳಗಿನ ನೂಲು ಹರಿಯುವ ಸಂಭವ ಹೆಚ್ಚು. ಆಗ ಪಕ್ಕದಲ್ಲಿ ಮೊಟ್ಟೆಯಾಕಾರದ ಉಬ್ಬು ಕಾಣಿಸಿಕೊಳ್ಳುತ್ತದೆ. ಇಂತಹ ಟೈರನ್ನು ದುರಸ್ತಿ ಮಾಡಲಾಗದು, ಬದಲಾಯಿಸಲೇಬೇಕು.

ಆದ್ದರಿಂದ ಹಿತವೇ ಮುಖ್ಯವೆನ್ನುವವರು ಮೊದಲು ನೋಡತಕ್ಕದ್ದು ಚಾಲಕನ ಬಾಗಿಲಿನ ಕಂಬದ ಮೇಲೆ ಅಥವಾ ಇಂಧನ ಮುಚ್ಚಳದ ಒಳಭಾಗದಲ್ಲಿರುವ ತಯಾರಕರ ಫಲಕವನ್ನು ಹಾಗೂ ಕಾರಿನ ಕೈಪಿಡಿಯನ್ನು. ಅನೇಕ ಕಾರುಗಳಿಗೆ ತಯಾರಕರೇ ಎರಡು ಅಥವಾ ಮೂರು ಅಳತೆಗಳನ್ನು ಒಪ್ಪಿರುತ್ತಾರೆ. ಅವುಗಳಲ್ಲಿ ಚಿಕ್ಕ ರಿಮ್ಮಿನ ಅಳತೆ ಆಯ್ದುಕೊಳ್ಳುವುದು, ಎಷ್ಟೇ ದುಬಾರಿಯಾದ ಟೈರು ಕೊಳ್ಳುವುದಕ್ಕಿಂತ ಹೆಚ್ಚು ಫಲ ನೀಡುತ್ತದೆ. ಮೇಲಿನ ಉದಾಹರಣೆಯಲ್ಲಿ 205/55 ಆರ್16 ಟೈರಿಗೂ 91ರ ಭಾರ ಸೂಚ್ಯಂಕ ದೊರೆಯುವುದರಿಂದ ಭಾರ ಹೊರುವ ಶಕ್ತಿಯಲ್ಲಿ ನಷ್ಟವಿಲ್ಲ. ಆದರೆ ಹೆಚ್ಚು ಸಾಮರ್ಥ್ಯದ ಮಾದರಿಗಳಲ್ಲಿ ಬ್ರೇಕಿನ ಡಿಸ್ಕ್ ಮತ್ತು ಕ್ಯಾಲಿಪರ್ ದೊಡ್ಡದಾಗಿರುವುದರಿಂದ ಚಿಕ್ಕ ರಿಮ್ಮು ಕೂರದಿರಬಹುದು. ಅಂಗಡಿಯವರು "ಕೂರುತ್ತದೆ" ಎಂದ ಮಾತ್ರಕ್ಕೆ ಕೊಳ್ಳದೆ, ತಯಾರಕರ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳುವುದು. ತಯಾರಕರು ಒಪ್ಪದ ಅಳತೆಯನ್ನು, ಅದು ದೊಡ್ಡದಿರಲಿ ಚಿಕ್ಕದಿರಲಿ, ಅಳವಡಿಸಬಾರದು. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರಂತೆ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಲು ಅವಕಾಶವಿಲ್ಲ.

ವೇಗದ ಅಕ್ಷರದ ಬಗ್ಗೆಯೂ ಒಂದು ಪ್ರಶ್ನೆ ಏಳುವುದು ಸಹಜ. 2018ರ ಕೇಂದ್ರ ಅಧಿಸೂಚನೆಯಂತೆ ಕಾರುಗಳಿಗೆ ಗರಿಷ್ಠ ವೇಗ ಎಕ್ಸ್‌ಪ್ರೆಸ್‌ವೇಗಳಲ್ಲಿ ಗಂಟೆಗೆ 120 ಕಿ.ಮೀ.; 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮಿತಿ 100 ಕಿ.ಮೀ. ಹೀಗಿರುವಾಗ 270 ಕಿ.ಮೀ. ತಾಳುವ ಟೈರು ಏಕೆ ಬೇಕು? ಈ ಅಕ್ಷರವು ವೇಗದ ಜೊತೆಗೆ ಟೈರು ಶಾಖವನ್ನು ತಡೆದುಕೊಳ್ಳುವ ಶಕ್ತಿಯನ್ನೂ ಸೂಚಿಸುತ್ತದೆ. ಆದುದರಿಂದ ತಯಾರಕರು ನಿಗದಿಪಡಿಸಿದ ಶ್ರೇಣಿಗಿಂತ ಕೆಳಗಿಳಿಯಬಾರದು. ಆದರೆ ಅದಕ್ಕಿಂತ ಮೇಲಿನ ಶ್ರೇಣಿಗೆ ಹಣ ತೆರುವ ಅಗತ್ಯವೂ ಇಲ್ಲ.

ಎಕ್ಸ್‌ಎಲ್ ಹಾಗೂ ರನ್-ಫ್ಲಾಟ್ ಟೈರುಗಳು

ಒಂದೇ ಅಳತೆಯ ಟೈರು 91 ಹಾಗೂ 94, ಹೀಗೆ ಎರಡು ಭಾರ ಸೂಚ್ಯಂಕಗಳಲ್ಲಿ ದೊರೆಯುವುದುಂಟು. 94ರ ಟೈರಿನ ಮೇಲೆ ಎಕ್ಸ್‌ಎಲ್ ಎಂದು ಬರೆದಿರುತ್ತದೆ. ಅದು 670 ಕೆ.ಜಿ. ಹೊರಬಲ್ಲದು. ಹೆಚ್ಚು ಹೊರುವುದೇ ಉತ್ತಮವೆಂದು ತೋರಬಹುದು. ಆದರೆ ಎಕ್ಸ್‌ಎಲ್ ಟೈರಿನ ಮೈ ಗಡುಸು. ಫಲಕದಲ್ಲಿ 91 ಸಾಕೆಂದಿದ್ದಲ್ಲಿ ಸಾಮಾನ್ಯ ಟೈರೇ ಮೃದುವಾದ ಆಯ್ಕೆ. ಫಲಕದಲ್ಲಿ 94 ಎಂದಿದ್ದಲ್ಲಿ ಮಾತ್ರ ಹಿತದ ಕಾರಣಕ್ಕೆ 91ಕ್ಕೆ ಇಳಿಯುವಂತಿಲ್ಲ.

ಕೆಲವು ಐಷಾರಾಮಿ ಸೆಡಾನ್‌ಗಳಲ್ಲಿ ರನ್-ಫ್ಲಾಟ್ ಟೈರುಗಳಿರುತ್ತವೆ. ಪಂಚರ್ ಆದರೂ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ದೂರ ಸಾಗಲು ಇವುಗಳ ಪಾರ್ಶ್ವಭಾಗವನ್ನು ದಪ್ಪಗೊಳಿಸಲಾಗಿರುತ್ತದೆ. ಒರಟುತನಕ್ಕೆ ಕಾರಣವೂ ಅದೇ. ಇವುಗಳ ಬದಲು ಸಾಮಾನ್ಯ ಟೈರು ಹಾಕಿಸಿದವರಿಗೆ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಆದರೆ ಇಂತಹ ಅನೇಕ ಕಾರುಗಳಲ್ಲಿ ಸ್ಟೆಪ್ನಿ ಇಡಲು ಜಾಗವೇ ಇರುವುದಿಲ್ಲ. 2020ರ ನಿಯಮ ತಿದ್ದುಪಡಿಯಂತೆ, ಟ್ಯೂಬ್‌ಲೆಸ್ ಟೈರು, ಟೈರಿನ ಒತ್ತಡ ಸೂಚಿಸುವ ವ್ಯವಸ್ಥೆ ಹಾಗೂ ದುರಸ್ತಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಬದಲಾಯಿಸುವ ಮೊದಲು ಈ ಕಿಟ್ ಇದೆಯೇ, ಕೆಲಸ ಮಾಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ರಾತ್ರಿ ಘಟ್ಟದ ನಡುವೆ ಇದರ ಕೊರತೆ ಅರಿವಾದರೆ ಪ್ರಯೋಜನವಿಲ್ಲ.

ಶಬ್ದದ ಮೂಲ

ಟೈರಿನ ಶಬ್ದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ರಬ್ಬರ್ ಗುಬ್ಬಿಗಳು ರಸ್ತೆಗೆ ಬಡಿಯುವುದು, ಅವುಗಳ ನಡುವಿನ ಕಾಲುವೆಗಳಲ್ಲಿ ಸಿಕ್ಕಿದ ಗಾಳಿ ಹಿಂಡಿ ಹೊರಬರುವುದು ಹಾಗೂ ಟೈರಿನ ಒಳಗಿನ ಗಾಳಿಯೇ ಡೋಲಿನಂತೆ ಅನುರಣಿಸುವುದು. ಅಗಲವಾದ ಟೈರು ಹೆಚ್ಚು ರಸ್ತೆಯನ್ನು ಮುಟ್ಟುವುದರಿಂದ ಸಾಮಾನ್ಯವಾಗಿ ಅದರ ಶಬ್ದವೂ ಹೆಚ್ಚು. ಐರೋಪ್ಯ ಒಕ್ಕೂಟದ ನಿಯಮಗಳೇ ಇದನ್ನು ಒಪ್ಪಿಕೊಂಡಿವೆ: ಅಲ್ಲಿ 185 ಮಿ.ಮೀ.ವರೆಗಿನ ಕಾರಿನ ಟೈರಿಗೆ 70 ಡೆಸಿಬಲ್, 245 ಮಿ.ಮೀ.ವರೆಗೆ 71, 275 ಮಿ.ಮೀ.ವರೆಗೆ 72 ಡೆಸಿಬಲ್ ಮಿತಿ; ಎಕ್ಸ್‌ಎಲ್ ಟೈರಿಗೆ ಇನ್ನೊಂದು ಡೆಸಿಬಲ್ ವಿನಾಯಿತಿ. ನಮ್ಮ ದೇಶದಲ್ಲಿ 2022ರ ಜೂನ್ 28ರ ಅಧಿಸೂಚನೆಯ ಮೂಲಕ ಉರುಳು ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ ಹಾಗೂ ಉರುಳುವ ಶಬ್ದ ಈ ಮೂರಕ್ಕೂ ಎಐಎಸ್-142 ಮಾನಕವನ್ನು ಅನ್ವಯಿಸಲಾಗಿದೆ.

ಆಮದು ಟೈರುಗಳ ಮೇಲೆ ಅಂಟಿಸಿರುವ ಐರೋಪ್ಯ ಚೀಟಿಯಲ್ಲಿ ಡೆಸಿಬಲ್ ಸಂಖ್ಯೆ ಇರುತ್ತದೆ. ಈ ಸಂಖ್ಯೆ ನೋಡಿ ಟೈರು ಕೊಂಡವರಿಗೆ ನಿರಾಸೆಯಾಗುವುದುಂಟು. ಏಕೆಂದರೆ ಅದು ಕಾರಿನ ಒಳಗೆ ಅಳೆದ ಶಬ್ದವಲ್ಲ. ಎಂಜಿನ್ ಆರಿಸಿದ ಕಾರು ಸುಮಾರು 80 ಕಿ.ಮೀ. ವೇಗದಲ್ಲಿ ಹಾದುಹೋಗುವಾಗ ರಸ್ತೆಬದಿಯಲ್ಲಿ ಅಳೆದದ್ದು. ದಾರಿಹೋಕನಿಗೆ ಕೇಳುವ ಶಬ್ದಕ್ಕೂ ಕಾರಿನ ತಳದ ಮೂಲಕ ಒಳಬರುವ ಗುಂಯ್‌ಗುಡುವಿಕೆಗೂ ನೇರ ಸಂಬಂಧವಿರಬೇಕೆಂದಿಲ್ಲ. ಒಳಗಿನ ಶಬ್ದವನ್ನು ತಿಳಿಯಲು, ಅದೇ ಟೈರು ಹಾಕಿಸಿರುವ ಅದೇ ಮಾದರಿಯ ಕಾರಿನಲ್ಲಿ ಒಮ್ಮೆ ಕುಳಿತು ನೋಡುವುದೇ ಸರಿಯಾದ ಮಾರ್ಗ. ಪರಿಚಿತ ರಸ್ತೆಯಲ್ಲಿಯೇ ನೋಡಬೇಕು. ಡಾಂಬರು ರಸ್ತೆಯಲ್ಲಿ ಶಾಂತವಾಗಿರುವ ಟೈರು, ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯಲ್ಲಿ ಅಥವಾ ಬೆಂಗಳೂರಿನ ವೈಟ್‌ಟಾಪಿಂಗ್ ರಸ್ತೆಗಳಲ್ಲಿ ಬೇರೆಯದೇ ಟೈರಿನಂತೆ ಸದ್ದು ಮಾಡಬಹುದು.

ಒಳಭಾಗದಲ್ಲಿ ಸ್ಪಂಜಿನ ಪಟ್ಟಿ ಅಂಟಿಸಿರುವ ಟೈರುಗಳೂ ಮಾರುಕಟ್ಟೆಯಲ್ಲಿವೆ. ಇವು ಒಳಗಿನ ಗಾಳಿಯ ಅನುರಣನವನ್ನು ತಗ್ಗಿಸುತ್ತವೆ. ಆದರೆ ಗುಬ್ಬಿಗಳು ರಸ್ತೆಗೆ ಬಡಿಯುವ ಶಬ್ದಕ್ಕೆ ಇವುಗಳಿಂದ ಪರಿಹಾರವಿಲ್ಲ. ಪಂಚರ್ ಹಾಕಿಸುವಾಗ ಆ ಜಾಗದ ಸ್ಪಂಜನ್ನು ಮೊದಲು ತೆಗೆಯಬೇಕಾಗುವುದರಿಂದ, ಪಂಚರ್ ಅಂಗಡಿಯವರಿಗೆ ಮುಂಚಿತವಾಗಿಯೇ ತಿಳಿಸುವುದು ಒಳ್ಳೆಯದು.

ಶಾಂತವಾದ ಟೈರು ಮತ್ತು ಮಳೆ

ಶಬ್ದ ತಗ್ಗಿಸುವ ಸುಲಭ ದಾರಿ ಕಾಲುವೆಗಳನ್ನು ಕಿರಿದಾಗಿಸುವುದು. ಆದರೆ ಮಳೆಯಲ್ಲಿ ನೀರನ್ನು ಹೊರದೂಡುವುದು ಇದೇ ಕಾಲುವೆಗಳು. ನೀರು ಹೊರಹೋಗದಿದ್ದಲ್ಲಿ ಟೈರು ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಆ ಕ್ಷಣದಲ್ಲಿ ಸ್ಟೀರಿಂಗ್ ಆಗಲಿ ಬ್ರೇಕ್ ಆಗಲಿ ಕೆಲಸಕ್ಕೆ ಬಾರದು. ಅಗಲವಾದ ಟೈರುಗಳಲ್ಲಿ ಈ ಅಪಾಯ ಇನ್ನೂ ಬೇಗ ಎದುರಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಅಥವಾ ಮಲೆನಾಡಿನಲ್ಲಿ ಓಡಾಡುವವರು ಒದ್ದೆ ರಸ್ತೆಯ ಹಿಡಿತವನ್ನು ಮೊದಲು, ಶಬ್ದವನ್ನು ಅನಂತರ ನೋಡತಕ್ಕದ್ದು. ಐರೋಪ್ಯ ಚೀಟಿಯಲ್ಲಿ ಮಳೆಯ ಚಿಹ್ನೆಯ ಎದುರು ಎ ಅಥವಾ ಬಿ ಇರುವ ಟೈರುಗಳ ಪೈಕಿಯೇ ಶಾಂತವಾದದ್ದನ್ನು ಆರಿಸಿದಲ್ಲಿ ಎರಡೂ ಉದ್ದೇಶ ನೆರವೇರುತ್ತದೆ. ಕಾರುಗಳ ಟೈರಿನ ಗುಬ್ಬಿಯ ಆಳ ನಿಯಮಾನುಸಾರ ಕನಿಷ್ಠ 1.6 ಮಿ.ಮೀ. ಇರಬೇಕು. ಆದರೆ ಮಳೆಯಲ್ಲಿನ ಹಿಡಿತ ಅದಕ್ಕೆ ಬಹಳ ಮೊದಲೇ ಕುಗ್ಗಿರುತ್ತದೆ, 3 ಮಿ.ಮೀ. ತಲುಪಿದ ಟೈರನ್ನು ಮುಂಗಾರಿಗೆ ಮೊದಲೇ ಬದಲಾಯಿಸುವುದು ವಿವೇಕ. ಎರಡೇ ಹೊಸ ಟೈರು ಕೊಂಡಲ್ಲಿ, ಎಂಜಿನ್ನಿನ ಶಕ್ತಿ ಯಾವ ಚಕ್ರಕ್ಕೇ ಹೋಗಲಿ, ಅವುಗಳನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಹಿಂಭಾಗ ಜಾರಿದ ಕಾರನ್ನು ಹಿಡಿತಕ್ಕೆ ತರುವುದು ಹೆಚ್ಚು ಕಷ್ಟ.

ಖರ್ಚಿಲ್ಲದ ಪರಿಹಾರ

ಹೊಸ ಟೈರು ಕೊಳ್ಳುವ ಮೊದಲು ಗಾಳಿಯ ಒತ್ತಡವನ್ನು ಪರೀಕ್ಷಿಸುವುದು. ತಯಾರಕರ ಫಲಕದಲ್ಲಿ ಸಾಮಾನ್ಯವಾಗಿ ಎರಡು ಅಂಕಣಗಳಿರುತ್ತವೆ: ಒಂದು ಕಡಿಮೆ ಜನರಿಗೆ, ಇನ್ನೊಂದು ಪೂರ್ಣ ಭಾರಕ್ಕೆ. ಒಬ್ಬರೇ ಕಚೇರಿಗೆ ಹೋಗಿಬರುವ ಕಾರಿನಲ್ಲಿ ಪೂರ್ಣ ಭಾರದ ಒತ್ತಡವಿದ್ದರೆ ಪ್ರಯಾಣ ಒರಟಾಗದೆ ಇರದು. ಬಿಸಿಯಾದ ಟೈರಿನಲ್ಲಿ ಒತ್ತಡ 3-4 ಪಿಎಸ್‌ಐ ಏರಿರುತ್ತದೆ; ಅದನ್ನು ನೋಡಿ ಪೆಟ್ರೋಲ್ ಬಂಕಿನಲ್ಲಿ ಗಾಳಿ ಬಿಡಿಸುವುದು ತಪ್ಪು. ಬೆಳಗ್ಗೆ ಕಾರು ಹೊರಡುವ ಮೊದಲು ಅಳೆಯಬೇಕು. ಹಿತಕ್ಕಾಗಿ ಫಲಕದ ಮಟ್ಟಕ್ಕಿಂತ ಕೆಳಗೆ ಇಳಿಸುವುದೂ ಸಲ್ಲದು. ಟೈರು ಬಿಸಿಯೇರಿ ಸಿಡಿಯುವ ಅಪಾಯವಿದೆ.

ಸಮನಾಗಿ ಸವೆಯದ ಟೈರು ಹೊಸದಿದ್ದಾಗಿನದಕ್ಕಿಂತ ಹೆಚ್ಚು ಸದ್ದು ಮಾಡುತ್ತದೆ. ಅಲೈನ್‌ಮೆಂಟ್ ತಪ್ಪಿದಲ್ಲಿ ಗುಬ್ಬಿಗಳು ಗರಗಸದ ಹಲ್ಲಿನಂತೆ ಸವೆಯುತ್ತವೆ. ಅಂಗೈಯಿಂದ ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ತರಕಲು. ಪ್ರತಿ 8,000ದಿಂದ 10,000 ಕಿ.ಮೀ.ಗೊಮ್ಮೆ ಟೈರುಗಳನ್ನು ಅದಲು ಬದಲು ಮಾಡಿಸಿದಲ್ಲಿ ಇದು ಬಹುಮಟ್ಟಿಗೆ ತಪ್ಪುತ್ತದೆ. ಇದೇ ಸದ್ದನ್ನು ವೀಲ್ ಬೇರಿಂಗ್ ದೋಷವೆಂದು ಭಾವಿಸಿ ಹಣ ವ್ಯಯಿಸುವವರೂ ಇದ್ದಾರೆ. ರಸ್ತೆಯ ಮೇಲ್ಮೈ ಬದಲಾದಾಗ ಸದ್ದು ಬದಲಾದರೆ ಅದು ಬಹುತೇಕ ಟೈರಿನದು. ಎಲ್ಲ ರಸ್ತೆಗಳಲ್ಲೂ ಒಂದೇ ಇದ್ದು ತಿರುವಿನಲ್ಲಿ ಹೆಚ್ಚು ಕಡಿಮೆಯಾದರೆ ಬೇರಿಂಗಿನದು.

ಕೊಳ್ಳುವಾಗ

ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. 3525 ಎಂದರೆ 2025ರ 35ನೆಯ ವಾರ. ಹಳೆಯದಾದಂತೆ ರಬ್ಬರ್ ಗಡುಸಾಗಿ ಹಿತವೂ ಮಳೆಯ ಹಿಡಿತವೂ ಕಡಿಮೆಯಾಗುವುದರಿಂದ, ರಿಯಾಯಿತಿ ದರದ ಟೈರಿನಲ್ಲಿ ಈ ಅಂಕಿಗಳನ್ನು ಮೊದಲು ನೋಡಬೇಕು. ಐಎಸ್‌ಐ ಗುರುತು ಇರುವುದನ್ನೂ ಪರಿಶೀಲಿಸುವುದು. ಕಾರುಗಳ ಹೊಸ ಟೈರಿನ ಮೇಲಿನ ಜಿಎಸ್‌ಟಿ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ಹಳೆಯ ದರಪಟ್ಟಿ ತೋರಿಸಿ "ಬಿಲ್ ಇಲ್ಲದಿದ್ದರೆ ಕಡಿಮೆ" ಎನ್ನುವವರಲ್ಲಿ ಬಿಲ್ಲನ್ನೇ ಕೇಳಿ ಪಡೆಯಿರಿ. ತಯಾರಿಕೆಯ ದೋಷ ಕಂಡುಬಂದಲ್ಲಿ ಬಿಲ್ಲೇ ಮುಖ್ಯ ಆಧಾರ. ಬಿಲ್ಲಿನಲ್ಲಿ ಪ್ರತಿ ಟೈರಿನ ಅಳತೆ ಹಾಗೂ ತಯಾರಿಕೆಯ ವಾರವನ್ನು ನಮೂದಿಸುವಂತೆ ಕೇಳಬಹುದು. ಮಾರಾಟಗಾರರು ಅಥವಾ ಕಂಪನಿಯವರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು.